ಎರಡು ಡಬ್ಬಿ ಕೆಂಪು ಬೀಜ

೧೯೭೯ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ಕ್ಲಾಸು ಪಾಸಾಗಿತ್ತು. ಎಂಟಕ್ಕೆ ಶಿರಾವರೆಗೆ ನಡೆದು ಹೋಗಬೇಕಿತ್ತು, ಹೋಗಲಿಲ್ಲ. ಬೆಂಗಳೂರಿಗೆ ಬಂದು ಹೆಸರಘಟ್ಟ ರಸ್ತೆಯ ಒಂದು ನರ್ಸರಿಯಲ್ಲಿ ಚೀಲಕ್ಕೆ ಮಣ್ಣು ತುಂಬುವ ಕೆಲಸಕ್ಕೆ ಸೇರಿದೆ. ಹದಿನೆಂಟು ವರ್ಷ ಕಳೆದ ಮೇಲೆ ಅದೇ ರಸ್ತೆಯಲ್ಲಿ ನನ್ನದೇ ನರ್ಸರಿ ಮಾಡಿದೆ. ಯಾರ ಶಿಫಾರಸೂ ಇರಲಿಲ್ಲ. ಅಮೆರಿಕಕ್ಕೂ ನಾನು ನೆಂಟನಾಗಿ ಹೋದವನಲ್ಲ, ಊರು ನೋಡುವುದಕ್ಕೂ ಅಲ್ಲ. ಒಂದು ಗಿಡಕ್ಕಾಗಿ ಕರೆಸಿಕೊಂಡರು, ಹೋದೆ.

ಕರೆಸಿದವರು ಡಾಕ್ಟರ್ ವಾಸುದೇವ ರಾವ್. ಹುಟ್ಟಿದ್ದು ಉಡುಪಿ ಕಡೆ, ಓದಿದ್ದು ಮೈಸೂರಿನಲ್ಲಿ, ನಲವತ್ತು ವರ್ಷದಿಂದ ಇದ್ದದ್ದು ಟೆಕ್ಸಾಸಿನ ಆಸ್ಟಿನ್‌ನಲ್ಲಿ. ಅವರ ತಮ್ಮನ ಜಯನಗರದ ಮನೆ ಒಡೆದು ಕಟ್ಟುವಾಗ ಹಿತ್ತಲಿನ ಹಳೆಯ ರಂಜದ ಮರವನ್ನು ನಾನು ಬೇರುಸಹಿತ ಎತ್ತಿ ಬೇರೆ ಕಡೆ ನೆಟ್ಟಿದ್ದೆ. ಮರ ಬದುಕಿತು. ಡಾಕ್ಟರು ಒಮ್ಮೆ ಬಂದಾಗ ಅದರ ಕೆಳಗೆ ನಿಂತು ನೋಡಿ ಹೋಗಿದ್ದರು. ೨೦೧೪ರ ಜನವರಿಯಲ್ಲಿ ಫೋನ್ ಮಾಡಿದರು. ಹೆಂಡತಿ ಶಾರದಮ್ಮ ತೀರಿಕೊಂಡು ಎರಡು ವರ್ಷವಾಗಿದೆ, ಆಸ್ಟಿನ್ ಮನೆ ಮಾರಿದ್ದಾಗಿದೆ, ಏಪ್ರಿಲ್‌ನಲ್ಲಿ ಬಿಟ್ಟುಕೊಡಬೇಕು, ಹ್ಯೂಸ್ಟನ್ ಆಚೆ ಫುಲ್‌ಶೀರ್‌ನಲ್ಲಿ ಮಗಳ ಮನೆಗೆ ಶಿಫ್ಟ್ ಆಗುತ್ತೇನೆ ಎಂದರು. ಶಾರದಮ್ಮ ಕೈಯಾರೆ ಬೆಳೆಸಿದ ಒಂದು ಹೂವಿನ ಗಿಡ ಇದೆ, ಕೊಂಡವರು ಅದನ್ನು ಕಿತ್ತು ಕಾರು ನಿಲ್ಲಿಸಲು ಜಾಗ ಮಾಡುತ್ತಾರಂತೆ. ಅದನ್ನು ಮಗಳ ಮನೆಗೆ ಸಾಗಿಸಲು ಆಗುತ್ತದೆಯೇ ಎಂದು ಕೇಳಿದರು.

ಗಿಡ ನೋಡದೆಯೇ ನಾನು ಆಗುತ್ತದೆ ಎಂದುಬಿಟ್ಟೆ.

ಡಲ್ಲಾಸ್

ವಿಮಾನ ಇಳಿದದ್ದು ಡಲ್ಲಾಸ್‌ನಲ್ಲಿ. ಅಲ್ಲಿ ನನ್ನ ಚೀಲ ಬಿಚ್ಚಿಸಿದರು. ಕಸಿ ಚಾಕು, ಹಗ್ಗ, ಎರಡು ಗೋಣಿತಾಟು, ಒಂದು ಪೊಟ್ಟಣ ಬೇವಿನ ಹಿಂಡಿ. ಚಾಕು, ಹಗ್ಗ ಬಿಟ್ಟರು. ಕೈಗವಸು ಹಾಕಿದ್ದ ಒಬ್ಬ ಹೆಂಗಸು ತಾಟಿನ ಎಳೆಗಳಲ್ಲಿ ಸಿಕ್ಕಿಕೊಂಡಿದ್ದ ಒಣ ಮಣ್ಣನ್ನು ನನಗೆ ತೋರಿಸಿ, ತಾಟನ್ನೂ ಹಿಂಡಿಯನ್ನೂ ಕಸದ ಡಬ್ಬಕ್ಕೆ ಹಾಕಿದಳು. ಬೈಯಲಿಲ್ಲ. ನನ್ನ ಷೂ ಬಿಚ್ಚಿಸಿ ಅಟ್ಟೆ ನೋಡಿ, ತಾನೇ ಒರೆಸಿ ವಾಪಸು ಕೊಟ್ಟಳು. ಹೊರದೇಶದ ಮಣ್ಣು ಚಿಟಿಕೆಯಷ್ಟೂ ಒಳಗೆ ಬರಬಾರದಂತೆ. ನಮ್ಮಲ್ಲಿ ಲಾರಿಗಟ್ಟಲೆ ಕೆಮ್ಮಣ್ಣು ಬಂದು ಬೀಳುತ್ತದೆ, ಯಾವ ಊರಿನದು ಎಂದು ಕೇಳುವವರಿಲ್ಲ. ಸಾಮಾನು ಹೋದದ್ದಕ್ಕೆ ಬೇಜಾರಾದರೂ ಆ ಹೆಂಗಸಿನ ಕೆಲಸ ನನಗೆ ಹಿಡಿಸಿತು.

ಹೊರಗೆ ಕಾದಿದ್ದವರು ಡಾಕ್ಟರ ಸ್ನೇಹಿತ ಕುಲಕರ್ಣಿಯವರು. ಧಾರವಾಡದ ಎಂಜಿನಿಯರ್. ಮನೆ ಹತ್ತಿರದಲ್ಲೇ, ಸೌತ್‌ಲೇಕ್‌ನಲ್ಲಿ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಗಿಡದ ಡಾಕ್ಟರ್ ಬರ್ತಾರಂತ ನಾ ಸ್ಟೆತಾಸ್ಕೋಪ್ ನೋಡ್ಕೋತ ನಿಂತಿದ್ದೆ. ನೀವು ನೋಡಿದ್ರ ಬರೇ ಹಗ್ಗ ತಂದೀರಲ್ರಿ" ಎಂದರು.

ಅವರ ಬೀದಿಯಲ್ಲಿ ಪ್ರತಿ ಮನೆಯ ಮುಂದೆಯೂ ಹುಲ್ಲು, ಹುಲ್ಲಿನ ನಡುವೆ ಒಂದು ಮರ. ಒಬ್ಬರಾದರೂ ಹೊರಗೆ ಕೂತಿರಲಿಲ್ಲ. ಮರಗಳಿಗೆ ಮೂರು ಕಡೆಯಿಂದ ತಂತಿ ಕಟ್ಟಿದ್ದರು. ಕೆಲವು ಮರಕ್ಕೆ ಕಟ್ಟಿ ಐದಾರು ವರ್ಷವಾಗಿತ್ತಂತೆ. ತಂತಿ ತೊಗಟೆಯೊಳಗೆ ಇಳಿದಿತ್ತು. ಬಿಚ್ಚಬೇಕು ಎಂದರೆ, ಅದಕ್ಕೆ ಕಾಲೊನಿಯ ಕಮಿಟಿಗೆ ಬರೆದು ಕೇಳಬೇಕು ಎಂದರು ಕುಲಕರ್ಣಿ. ಬೆಳಗ್ಗೆ ಅವರು ಏಳುವ ಮುಂಚೆ ಅವರ ಮನೆಯ ಒಂದು ಮರದ್ದನ್ನು ನಾನೇ ಬಿಚ್ಚಿದೆ.

ಆ ಶನಿವಾರ ಫಾರ್ಮರ್ಸ್ ಬ್ರಾಂಚ್ ಎಂಬಲ್ಲಿ ಆಫೀಸು ಕಟ್ಟಡಗಳ ನಡುವಿನ ಒಂದು ಹಾಲ್‌ನಲ್ಲಿ ಕನ್ನಡದವರ ಊಟ ಇತ್ತು. ಎಲ್ಲರೂ ಡಾಕ್ಟರು, ಎಂಜಿನಿಯರು. ಒಬ್ಬರು ನನ್ನ ಪಕ್ಕ ಕೂತು, ಎಂ.ಎಸ್ಸಿ. ಎಲ್ಲಿ ಮಾಡಿದ್ದು, ಹೆಬ್ಬಾಳದ ಕೃಷಿ ಕಾಲೇಜಿನಲ್ಲಾ ಎಂದು ಕೇಳಿದರು. ಏಳನೇ ಕ್ಲಾಸು ಸಾರ್, ಶಿರಾ ಹತ್ತಿರ ಎಂದೆ. ಅವರು ಹಪ್ಪಳ ಮುರಿಯುವುದನ್ನು ನಿಲ್ಲಿಸಿದರು. ಎದುರಿಗಿದ್ದ ಕುಲಕರ್ಣಿ, "ನಾವೆಲ್ಲ ಇಪ್ಪತ್ತು ವರ್ಷ ಓದಿ ಹುಲ್ಲಿಗೆ ನೀರು ಬಿಡಾಕತ್ತೀವಿ. ಇವರು ಏಳು ವರ್ಷ ಓದಿ ಮರ ಎತ್ತತಾರ" ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಆದರೆ ಆ ಮಾತು ಒಳಗೆ ಹೋಗಿ ಕೂತಿತು. ಆ ಗಿಡ ಎತ್ತಲೇಬೇಕು ಎಂಬ ಹಟ ಬಂತು.

ಆಸ್ಟಿನ್

ಡಲ್ಲಾಸ್‌ನಿಂದ ದಕ್ಷಿಣಕ್ಕೆ ಹೋಗುವ ದಾರಿಯ ಎರಡೂ ಬದಿ ನೀಲಿ ಹೂ. ಮೊಣಕಾಲಿಗೂ ಬಾರದ ಗಿಡ, ನಮ್ಮ ಹುಚ್ಚೆಳ್ಳಿನ ಹೊಲದ ಹಾಗೆ ಕಣ್ಣಳತೆಯ ದೂರಕ್ಕೂ. ಜನ ಕಾರು ನಿಲ್ಲಿಸಿ ಮಕ್ಕಳನ್ನು ಹೂವಿನ ನಡುವೆ ಕೂರಿಸಿ ಫೋಟೋ ತೆಗೆಯುತ್ತಿದ್ದರು. ಒಬ್ಬರೂ ಒಂದು ಹೂವನ್ನೂ ಕೀಳಲಿಲ್ಲ. ನಾನು ಇಳಿದು ಬಗ್ಗಿ ನೋಡಿದೆ. ಹೂವಿನ ಬುಡದಲ್ಲಿ ಎಳೆ ಕಾಯಿ ಬಿಟ್ಟಿತ್ತು, ಅವರೆ ಕುಲದ್ದು.

ಡಾಕ್ಟರ ಗಿಡವೂ ಅದೇ ಕುಲ. ಮೌಂಟನ್ ಲಾರೆಲ್ ಎನ್ನುತ್ತಾರೆ. ಆಸ್ಟಿನ್ ಸುತ್ತಿನ ಒಣ ಸುಣ್ಣಕಲ್ಲಿನ ಗುಡ್ಡಗಳಲ್ಲಿ ತಾನಾಗಿ ಬೆಳೆಯುತ್ತದೆ. ಎರಡಾಳು ಎತ್ತರ, ಎಣ್ಣೆ ಸವರಿದಂಥ ದಪ್ಪ ಎಲೆ, ಗೊಂಚಲು ಗೊಂಚಲಾಗಿ ನೇರಳೆ ಹೂ. ವಾಸನೆ ದ್ರಾಕ್ಷಿ ಶರಬತ್ತಿನದು. ಗೇಟು ತೆಗೆಯುವಾಗಲೇ ಮೂಗಿಗೆ ಬಡಿಯಿತು. ಕಾಯಿ ಒಡೆದರೆ ಒಳಗೆ ರಕ್ತದಷ್ಟು ಕೆಂಪು ಬೀಜ. ನಮ್ಮ ಗುಲಗಂಜಿಯ ಬಣ್ಣವೇ, ಆದರೆ ಕಪ್ಪು ಕಣ್ಣಿಲ್ಲ, ಗಾತ್ರ ಅದರ ಎರಡರಷ್ಟು. ಗುಲಗಂಜಿಯ ಹಾಗೆ ಇದೂ ವಿಷ.

ಡಾಕ್ಟರು ತೆಳ್ಳಗಿನ ಆಳು. ಮನೆಯಲ್ಲೂ ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿಯೇ ಇರುತ್ತಿದ್ದರು. ಹನ್ನೆರಡಕ್ಕೆ ಊಟ ಎಂದರೆ ಹನ್ನೆರಡಕ್ಕೇ. ಅನ್ನ, ಸಾರು ತಾವೇ ಮಾಡಿ ಬಡಿಸಿದರು. ನಾನು ತಟ್ಟೆ ತೊಳೆಯಲು ಹೋದರೆ, "ಅದು ಮೆಷೀನ್ ಕೆಲಸ, ಹನುಮಂತಪ್ಪನವರೇ. ನೀವು ಗಿಡ ನೋಡಿ" ಎಂದರು.

ಗಿಡದ ಒಂದು ಬದಿ ಅಗೆದು ನೋಡಿದೆ. ಒಂದು ಗೇಣು ಮಣ್ಣು, ಅದರ ಕೆಳಗೆ ಬಿಳಿ ಬಂಡೆ. ಹಾರೆ ಹಾಕಿದರೆ ಕಿಡಿ ಬಂತು. ಮರ ಎತ್ತಬೇಕಾದರೆ ಬೇರಿನ ಸುತ್ತ ಮಣ್ಣಿನ ಉಂಡೆ ಬಿಡದೆ ಬರಬೇಕು. ಇಲ್ಲಿ ಉಂಡೆಗೆ ಮಣ್ಣೇ ಇಲ್ಲ. ತಾಯಿಬೇರು ನನ್ನ ಮಣಿಕಟ್ಟಿನಷ್ಟು ದಪ್ಪ. ಬಂಡೆಯ ಬಿರುಕಿನೊಳಗೆ ಇಳಿದು ಹೋಗಿತ್ತು. ಮೂರು ದಿನ ಮೂರು ಕಡೆಯಿಂದ ಅಗೆದೆ. ಮೂರನೆಯ ದಿನ ಸಂಜೆ ಮಣ್ಣು ಮುಚ್ಚಿ, ನೀರು ಹಾಕಿ, ಕೈ ತೊಳೆದುಕೊಂಡು ಹೋಗಿ ಹೇಳಿದೆ. ಎತ್ತಿದರೆ ಸಾಯುತ್ತದೆ, ಸಾರ್.

ಇಷ್ಟು ವರ್ಷದ ಕಸುಬಿನಲ್ಲಿ ಒಪ್ಪಿಕೊಂಡ ಕೆಲಸವನ್ನು ಆಗುವುದಿಲ್ಲ ಎಂದದ್ದು ಅದೇ ಮೊದಲು. ಡಾಕ್ಟರು ಕಿಟಕಿಯ ಹತ್ತಿರ ಹೋಗಿ ಗಿಡ ನೋಡಿದರು. ಆಮೇಲೆ, ರೋಗಿಯ ಮನೆಯವರಿಗೆ ನಾನೂ ಎಷ್ಟೋ ಸಲ ಹೀಗೇ ಹೇಳಿದ್ದೇನೆ ಎಂದರು.

ಬರಿಗೈಯಲ್ಲಿ ವಾಪಸಾಗಲು ನನಗೆ ಮನಸ್ಸಿರಲಿಲ್ಲ. ಇದೇ ಗಿಡದ ಬೀಜದಿಂದ ಸಸಿ ಎಬ್ಬಿಸಿ ಕೊಡುತ್ತೇನೆ ಎಂದೆ. ಹುಲ್ಲು ಕತ್ತರಿಸಲು ಬರುವವರು ಗಿಡದ ಬುಡವನ್ನು ವಾರವಾರ ಗುಡಿಸುತ್ತಿದ್ದರು, ಅಲ್ಲಿ ಬೀಜ ಸಿಗುವ ಹಾಗಿರಲಿಲ್ಲ. ಶಾರದಾ ಪ್ರತಿವರ್ಷ ಆರಿಸಿ ಇಡುತ್ತಿದ್ದಳು, ಗರಾಜಿನಲ್ಲಿ ಎಲ್ಲಾದರೂ ಇರಬೇಕು, ನೋಡಿ ತೆಗೆದುಕೊಳ್ಳಿ ಎಂದರು ಡಾಕ್ಟರು. ಮರುದಿನ ಮನೆಯ ಕಾಗದಪತ್ರದ ಕೆಲಸಕ್ಕೆ ಎರಡು ದಿನ ಹ್ಯೂಸ್ಟನ್‌ಗೆ ಹೋದರು. ಬೀಗದ ಕೈ ನನ್ನ ಹತ್ತಿರ.

ಆಸ್ಟಿನ್‌ನಲ್ಲಿ ಒಬ್ಬನೇ

ಗರಾಜಿನಲ್ಲಿ ಬೀಜ ಸಿಗಲಿಲ್ಲ. ಮನೆಯೊಳಗೆ ಹುಡುಕಿದೆ. ನಡುಮನೆಯಿಂದ ಮಲಗುವ ಕೋಣೆಗೆ ಹೋಗುವ ಓಣಿಯಲ್ಲಿ ಬಟ್ಟೆ ಇಡುವ ಕಪಾಟು ಇತ್ತು, ಒಬ್ಬರು ಒಳಗೆ ಹೋಗಿ ನಿಲ್ಲುವಷ್ಟು ದೊಡ್ಡದು. ಮೇಲೆ ಬಟ್ಟೆ ತೂಗುಹಾಕುವ ಕಂಬಿ, ಬರಿದು. ಕೆಳಗೆ ಒಂದು ಮಣೆ, ಮಣೆಯ ಮೇಲೆ ಎರಡು ಸ್ಟೀಲ್ ಡಬ್ಬಿ. ಕರ್ಪೂರದ ವಾಸನೆ ಇತ್ತು. ಬಟ್ಟೆಗೆ ಹುಳ ಬೀಳದಂತೆ ಇಡುವ ಗುಳಿಗೆ ಇರಬೇಕು ಅಂದುಕೊಂಡೆ. ಡಬ್ಬಿ ತೆರೆದರೆ ಎರಡರಲ್ಲೂ ಕೆಂಪು ಬೀಜ. ಚೆನ್ನಾಗಿ ಬಲಿತವು, ಒಂದೇ ಗಾತ್ರದವು, ಒರೆಸಿ ಇಟ್ಟಂಥವು. ಆರಿಸಿದವರ ಕೈಯನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ನಮ್ಮ ಕಸುಬಿನಲ್ಲಿ ಬೀಜ ಸಿಕ್ಕರೆ ಮೊದಲ ಕೆಲಸ ನೀರು. ಬಕೆಟ್ ತುಂಬ ನೀರು ತಂದು ಎರಡೂ ಡಬ್ಬಿ ಅದಕ್ಕೆ ಸುರಿದೆ. ಗಟ್ಟಿ ಬೀಜ ಮುಳುಗುತ್ತದೆ, ಜೊಳ್ಳು ತೇಲುತ್ತದೆ. ಹದಿನಾಲ್ಕು ತೇಲಿದವು. ಅವನ್ನು ಎಣಿಸಿ ಗಿಡದ ಬುಡಕ್ಕೆ ಎಸೆದೆ. ಮುಳುಗಿದವನ್ನು ಬಟ್ಟೆಯ ಮೇಲೆ ಹರವಿ, ಉಪ್ಪುಕಾಗದ ತೆಗೆದುಕೊಂಡು ಕೂತೆ. ಈ ಜಾತಿಯ ಸಿಪ್ಪೆ ಕಲ್ಲಿನ ಹಾಗೆ. ಒಂದು ಕಡೆ ಬಿಳಿ ಕಾಣುವವರೆಗೆ ಉಜ್ಜದಿದ್ದರೆ ವರ್ಷಗಟ್ಟಲೆ ಮೊಳೆಯುವುದಿಲ್ಲ. ಎರಡು ದಿನ ಉಜ್ಜಿದೆ. ನೂರ ಹನ್ನೆರಡು ಮುಗಿದವು. ಉಗುರು ಕಿತ್ತು ಬಂತು. ಅವನ್ನು ಬೇರೆ ಪಾತ್ರೆಯಲ್ಲಿ ನೆನೆಹಾಕಿದೆ. ಕೆಲಸ ಚೆನ್ನಾಗಿ ಆಯಿತೆಂದು ಸಂತೋಷವಾಗಿತ್ತು.

ಡಾಕ್ಟರು ಎರಡನೆಯ ದಿನ ಮಧ್ಯಾಹ್ನ ಬಂದರು. ಕಾಫಿ ಕುಡಿಯುತ್ತಾ, ನಾಳೆ ಒಂದು ಕೆಲಸಕ್ಕೆ ನೀವು ಜೊತೆಗಿರಬೇಕು ಎಂದರು. ಅವರು ಹೇಳಿದ್ದು ಇಷ್ಟು. ಅವರಿಗೆ ಹೃದಯದ ಆಪರೇಷನ್ ಆದ ವರ್ಷ ಶಾರದಮ್ಮ ಒಂದು ಹರಕೆ ಹೊತ್ತರು. ವಿಷ್ಣು ಸಹಸ್ರನಾಮ ಇಷ್ಟು ಸಲ ಎಂದು. ಎಷ್ಟು ಎಂದು ಗಂಡನಿಗೂ ಹೇಳಲಿಲ್ಲ. ಅವರು ನಗುತ್ತಾರೆ ಎಂದು. ಒಂದು ಡಬ್ಬಿಯಲ್ಲಿ ಅಷ್ಟು ಬೀಜ ಎಣಿಸಿ ಹಾಕಿಕೊಂಡರು. ಒಂದು ಸಲ ಓದಿದರೆ ಒಂದು ಬೀಜ ಎಡದ ಡಬ್ಬಿಯಿಂದ ಬಲದ ಡಬ್ಬಿಗೆ. ಮುಗಿಸುವ ಮುಂಚೆ ಕಾಯಿಲೆ ಬಂತು.

"ದೇವರನ್ನೆಲ್ಲ ಸುಮನಾ ಒಳ್ಳೆ ದಿನ ನೋಡಿ ತನ್ನ ಮನೆಗೆ ತಗೊಂಡು ಹೋಗಿದಾಳೆ, ಹಾಲೂ ಉಕ್ಕಿಸಿ ಆಯ್ತು" ಎಂದರು. ಸುಮನಾ ಅವರ ಮಗಳು. "ಆ ಎರಡು ಡಬ್ಬಿ ಮಾತ್ರ ನಾನು ಕೊಡಲಿಲ್ಲ. ಎರಡು ವರ್ಷದಿಂದ ಮುಟ್ಟಿಯೂ ಇಲ್ಲ. ನಾಳೆ ಎಣಿಸಬೇಕು. ಅವಳು ಎಲ್ಲಿಗೆ ನಿಲ್ಲಿಸಿದಳೋ ಅಲ್ಲಿಂದ ನಾನು ಓದಿ ಮುಗಿಸ್ತೀನಿ."

ಆಗ ನನಗೆ ಗೊತ್ತಾಯಿತು, ನಾನು ಹೋದದ್ದು ಬಟ್ಟೆ ಕಪಾಟಿಗಲ್ಲ. ಅಲ್ಲಿ ಎಷ್ಟೋ ಮನೆಗಳಲ್ಲಿ ದೇವರ ಮನೆ ಎಂದರೆ ಅಂಥ ಕಪಾಟೇ ಎಂದು ಆಮೇಲೆ ತಿಳಿಯಿತು. ಇಂಥವರ ಮನೆಯಲ್ಲಿ ದೇವರ ಕೋಣೆಯ ಹೊಸಿಲು ನಾನು ಯಾವತ್ತೂ ದಾಟಿದವನಲ್ಲ. ಅಲ್ಲಿ ಹೊಸಿಲೇ ಇರಲಿಲ್ಲ.

ಕಾಫಿ ಲೋಟ ಹಿಡಿದು ಕೂತಲ್ಲೇ ಕೂತಿದ್ದೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ನನ್ನ ಮನಸ್ಸಿಗೆ ಮೊದಲು ಬಂದದ್ದು, ಇವರು ಸ್ನಾನಕ್ಕೆ ಹೋದಾಗ ಬೀಜವನ್ನೆಲ್ಲ ಎರಡೂ ಡಬ್ಬಿಗೆ ಹಂಚಿ ಹಾಕಿಬಿಡೋಣ ಎಂದು. ಇಷ್ಟು ವರ್ಷ ಎಣಿಸದವರಿಗೆ ಗೊತ್ತಾಗುವುದಿಲ್ಲ. ಉಜ್ಜಿದವು ಗರಾಜಿನಲ್ಲಿ ಸಿಕ್ಕವು ಎಂದರಾಯಿತು. ಅವರು ಎದ್ದು ಲೋಟ ತೊಳೆಯಲು ಹೋದರು. ನಲ್ಲಿ ನಿಲ್ಲುವಷ್ಟರಲ್ಲಿ ಹೇಳಿಬಿಡಬೇಕು, ಇಲ್ಲವಾದರೆ ಹೇಳುವುದಿಲ್ಲ ಅನ್ನಿಸಿತು.

"ಸಾರ್, ಆ ಬೀಜ ನಾನು ತೆಗೆದೆ. ಎರಡೂ ಡಬ್ಬಿ ಒಂದೇ ಬಕೆಟ್ಟಿಗೆ ಸುರಿದೆ."

ಅವರು ನಲ್ಲಿ ನಿಲ್ಲಿಸಿದರು. ತಿರುಗಲಿಲ್ಲ. ಯಾವ ಡಬ್ಬಿ ಎಷ್ಟು ತುಂಬಿತ್ತು ನೆನಪಿದೆಯಾ ಎಂದು ಕೇಳಿದರು. ನೆನಪಿರಲಿಲ್ಲ. ನಾನು ಬೀಜ ನೋಡಿದ್ದೆ, ಡಬ್ಬಿ ನೋಡಿರಲಿಲ್ಲ. ಏನಾದರೂ ಒಂದು ಹೇಳಿದ್ದರೆ ಅವರು ನಂಬುತ್ತಿದ್ದರು.

"ನೆನಪಿಲ್ಲ, ಸಾರ್."

ಅವರು ಹೊರಗೆ ಹೋಗಿ ಗಿಡದ ಕೆಳಗೆ ನಿಂತರು. ಒಂದು ಗಂಟೆ ಒಳಗೆ ಬರಲಿಲ್ಲ.

ಎಣಿಕೆ

ಮರುದಿನ ಬೆಳಗ್ಗೆ ಊಟದ ಮೇಜಿನ ಮೇಲೆ ಇಬ್ಬರೂ ಎಣಿಸಿದೆವು. ಅವರು ಹತ್ತು ಹತ್ತರ ಗುಂಪು ಮಾಡಿದರು, ನಾನು ಹತ್ತು ಗುಂಪಿಗೊಂದು ಬಟ್ಟಲು. ಎಸೆದ ಹದಿನಾಲ್ಕನ್ನು ಗಿಡದ ಬುಡದಲ್ಲಿ ಮಂಡಿಯೂರಿ ಹುಡುಕಿದೆ. ಹನ್ನೊಂದು ಸಿಕ್ಕವು. ಎಲ್ಲ ಸೇರಿ ಸಾವಿರದ ಐದು. ಸಿಗದ ಮೂರು ಕೂಡಿಸಿದರೆ ಸಾವಿರದ ಎಂಟು. ಹರಕೆ ಎಷ್ಟರದು ಎಂದು ಡಾಕ್ಟರಿಗೆ ಅವತ್ತು ತಿಳಿಯಿತು. ಅದರಲ್ಲಿ ಎಷ್ಟು ಮುಗಿದಿತ್ತು ಎಂಬುದು ಮಾತ್ರ ಇನ್ನು ಯಾರಿಗೂ ತಿಳಿಯುವುದಿಲ್ಲ.

ಸುಮನಾ ಫೋನ್ ಮಾಡಿದಳು. ಡಾಕ್ಟರು ಸ್ಪೀಕರ್‌ನಲ್ಲಿಟ್ಟು ಮಾತಾಡಿದರು. ವಿಷಯ ತಿಳಿದು, ಒಟ್ಟು ಎಷ್ಟು ಎಂದು ಅವಳು ಇನ್ನೊಮ್ಮೆ ಕೇಳಿದಳು. ಆಮೇಲೆ, "ಅಪ್ಪಾ, ಇಟ್ಸ್ ಓಕೆ. ಅಮ್ಮ ಹಾಫ್ ಮುಗಿಸಿದ್ರು ಅಂತ ಇಟ್ಕೊಳ್ಳಿ" ಎಂದಳು.

"ಅಂದಾಜಿನ ಮೇಲೆ ನಾನು ಯಾರಿಗೂ ಔಷಧಿ ಕೊಟ್ಟಿಲ್ಲಮ್ಮ" ಎಂದರು ಡಾಕ್ಟರು. "ಒಂದರಿಂದ ಶುರು ಮಾಡ್ತೀನಿ."

ಆಗ ಅವರಿಗೆ ಎಪ್ಪತ್ತಮೂರು ವರ್ಷ. ನಾನು ತಲೆ ತಗ್ಗಿಸಿಕೊಂಡೇ ಇದ್ದೆ. ಯಾರ ಮುಂದೆಯೂ ತಪ್ಪಾಯಿತು ಎಂದು ಹೇಳಿ ರೂಢಿಯಿಲ್ಲದ ಬಾಯಿ, ಅವತ್ತು ಹೇಳಿತು. ಅವರು ಕೇಳಿಸಿಕೊಂಡರು. ಪರವಾಗಿಲ್ಲ ಎನ್ನಲಿಲ್ಲ. ಅನ್ನದಿದ್ದದ್ದೇ ಸರಿ ಎಂದು ಈಗಲೂ ನನಗೆ ಅನ್ನಿಸುತ್ತದೆ.

ಅವತ್ತೇ ಸ್ನಾನ ಮಾಡಿ ಶಾರದಮ್ಮನ ಪುಸ್ತಕ ತಂದು ಕಪಾಟಿನಲ್ಲಿ ಮಣೆ ಹಾಕಿ ಕೂತರು. ಹಳೆಯ ಕನ್ನಡ ಅಚ್ಚು, ಹಾಳೆಯ ಅಂಚಿಗೆಲ್ಲ ಅರಿಶಿನ. ನಲವತ್ತು ವರ್ಷ ಕನ್ನಡ ಓದದ ಕಣ್ಣು; ಪ್ರತಿ ಸಾಲಿನಲ್ಲೂ ತಡೆಯುತ್ತಿತ್ತು. ನಾನು ಓಣಿಯಲ್ಲಿ ನಿಂತು ಕೇಳುತ್ತಿದ್ದೆ. ಮೂರನೆಯ ಪುಟದಲ್ಲಿ ಪೂರ್ತಿ ನಿಂತರು. ನನ್ನ ಕಡೆ ನೋಡಿ, ನಿಮಗೆ ಓದೋಕೆ ಬರುತ್ತಲ್ಲ ಎಂದರು. ಅಕ್ಷರ ಬರುತ್ತದೆ, ಅರ್ಥ ಬರುವುದಿಲ್ಲ, ನಮ್ಮ ಮನೆಯಲ್ಲಿ ಈ ಪುಸ್ತಕ ಇಟ್ಟವರಲ್ಲ ಎಂದೆ.

"ಅರ್ಥ ನನಗೂ ಬರಲ್ಲ. ಬನ್ನಿ, ಕೂತ್ಕೊಳ್ಳಿ."

ಆ ಕಪಾಟಿನಲ್ಲಿ ಇಬ್ಬರು ಕೂತರೆ ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ನಾನು ಒಂದು ಸಾಲು ಓದುವುದು, ಅವರು ಅದನ್ನೇ ಹೇಳುವುದು. ಮೊದಲ ದಿನ ಒಂದೂವರೆ ಗಂಟೆ ಹಿಡಿಯಿತು. ಮುಗಿದ ಮೇಲೆ ಬೀಜಕ್ಕೆ ಕೈ ಹಾಕಲಿಲ್ಲ. ಇನ್ನು ಬೀಜ ಬೇಡ ಎಂದು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ತಾರೀಖು ಬರೆದು ಮುಂದೆ ಒಂದು ಎಂದು ಬರೆದರು. ನಾನು ಇದ್ದ ಹದಿನೇಳು ದಿನವೂ ಹೀಗೇ ನಡೆಯಿತು. ಹತ್ತನೆಯ ದಿನದ ಹೊತ್ತಿಗೆ ನಾನು ಬರೇ ತಡೆದಲ್ಲಿ ಹೇಳಿಕೊಟ್ಟರೆ ಸಾಕಾಗುತ್ತಿತ್ತು.

ಮನೆ ಬಿಡುವ ದಿನ ಡಾಕ್ಟರು ಗಿಡದ ಹತ್ತಿರ ಹೋಗಲಿಲ್ಲ. ಕಾರಿನಲ್ಲಿ ಕೂತು ಮುಂದೆ ನೋಡುತ್ತಿದ್ದರು. ನಾನು ಹೋಗಿ ಬುಡ ಮುಟ್ಟಿ ನಮಸ್ಕಾರ ಮಾಡಿ ಬಂದೆ. ಮರ ಕಡಿಯುವ ಮುಂಚೆ ನಾವು ಮಾಡುವುದು ಅದು. ಅವತ್ತು ಕಡಿಯುವವನು ನಾನಾಗಿರಲಿಲ್ಲ, ಅಷ್ಟೇ.

ಫುಲ್‌ಶೀರ್

ಫುಲ್‌ಶೀರ್‌ನಲ್ಲಿ ಎಲ್ಲ ಹೊಸದು. ರಸ್ತೆ ಹೊಸದು, ಮನೆ ಹೊಸದು, ಮರಗಳಿಗೆ ಇನ್ನೂ ಅಂಗಡಿಯ ಚೀಟಿ ನೇತಾಡುತ್ತಿತ್ತು. ಮಣ್ಣು ನಮ್ಮ ಎರೆಯ ಹಾಗೆ ಕಪ್ಪು, ಮಳೆ ಬಂದರೆ ಕಾಲಿಗೆ ಹತ್ತಿಕೊಂಡು ಬರುವಂಥದ್ದು. ನಿಂತ ನೀರು ಆ ಗಿಡಕ್ಕೆ ಆಗುವುದಿಲ್ಲ. ಸುಮನಾಳ ಗಂಡನಿಂದ ಒಂದು ಲೋಡು ಸುಣ್ಣಕಲ್ಲಿನ ಜಲ್ಲಿ ತರಿಸಿ, ಹಿತ್ತಲಿನ ಎತ್ತರದ ಕಡೆ ಮುಂದೆ ಸಸಿ ನೆಡಲೆಂದು ಸೊಂಟದಷ್ಟು ದಿಬ್ಬ ಕಟ್ಟಿದೆ. ಪಕ್ಕದ ಮನೆಯ ಮುದುಕರೊಬ್ಬರು ಎರಡು ದಿನ ಬೇಲಿಯ ಮೇಲಿಂದ ನೋಡಿ, ಮೂರನೆಯ ದಿನ ಒಂದು ಮಾತೂ ಕೇಳದೆ ತಮ್ಮ ಕೈಗಾಡಿ ತಂದು ಜಲ್ಲಿ ಹೊರತೊಡಗಿದರು. ಹೊತ್ತು ಮುಗಿದ ಮೇಲೆ ಕೈಕುಲುಕಿ ಹೋದರು. ಅವರ ಹೆಸರೂ ನನಗೆ ಗೊತ್ತಿಲ್ಲ.

ನೂರ ಹನ್ನೆರಡು ಬೀಜವನ್ನು ಆಸ್ಟಿನ್‌ನಲ್ಲೇ ಕಾಗದದ ಕಪ್ಪುಗಳಲ್ಲಿ ಮಣ್ಣು ತುಂಬಿ ಊರಿಟ್ಟಿದ್ದೆ. ಉಜ್ಜಿ ನೆನೆಸಿದ ಬೀಜವನ್ನು ವಾಪಸು ಡಬ್ಬಿಗೆ ಹಾಕಿ ಇಡಲಾಗದು, ಕೊಳೆಯುತ್ತದೆ. ಡಾಕ್ಟರೇ ಊರಿ ಎಂದಿದ್ದರು. ನಾನು ಹೊರಡುವ ಹಿಂದಿನ ದಿನ ನಾಲ್ಕು ತಲೆ ಎತ್ತಿದ್ದವು. ಸುಮನಾ ಕಪ್ಪುಗಳ ಮುಂದೆ ಕೂತು ಅತ್ತಳು. ಆಮೇಲೆ, "ಅಂಕಲ್, ನಿಮ್ಮ ಮೇಲೆ ತುಂಬಾ ಕೋಪ ಇತ್ತು" ಎಂದಳು. ಈಗ ಇಲ್ಲ ಎಂದು ಹೇಳಲಿಲ್ಲ. ನನಗೆ ಚಪಾತಿ ಕಟ್ಟಿಕೊಟ್ಟಳು.

ಹೆಸರಘಟ್ಟ ರಸ್ತೆ

ನೂರ ಹನ್ನೆರಡರಲ್ಲಿ ಫುಲ್‌ಶೀರ್‌ನಲ್ಲಿ ಮೊಳೆತದ್ದು ಮೂವತ್ತೊಂದು, ನಿಂತದ್ದು ಒಂಬತ್ತು. ನಿಧಾನದ ಗಿಡ, ಹೂ ಬಿಡಲು ಇನ್ನೂ ವರ್ಷಗಳು ಬೇಕು. ಡಾಕ್ಟರು ಯುಗಾದಿಗೆ ಫೋನ್ ಮಾಡುತ್ತಿದ್ದರು. ಹಬ್ಬದ ಮಾತಿಗಿಂತ ಮೊದಲು ಎಷ್ಟನೆಯದು ಎಂದು ಹೇಳುತ್ತಿದ್ದರು. ಈಗ ತಡೆಯುವುದಿಲ್ಲ, ಇಪ್ಪತ್ತೈದು ನಿಮಿಷ ಸಾಕು ಎಂದು ಒಂದು ವರ್ಷ ಹೇಳಿದರು. ನಡುವೆ ಆಸ್ಪತ್ರೆಯಲ್ಲಿದ್ದ ತಿಂಗಳುಗಳಲ್ಲಿ ನಿಂತಿತ್ತು, ಮತ್ತೆ ಹಿಡಿದರು.

೨೦೧೭ರಲ್ಲಿ ಒಂದು ಬೆಳಗ್ಗೆ ಸುಮನಾ ಫೋನ್ ಮಾಡಿದಳು. ಅಪ್ಪ ಹೋದರು ಎಂದಳು. ನೋಟ್‌ಬುಕ್ ಅವಳ ಕೈಯಲ್ಲಿತ್ತು. ಕೊನೆಯ ಸಾಲಿನಲ್ಲಿ ಏಳುನೂರ ನಲವತ್ತು ಎಂದು ಇದೆ ಎಂದಳು. ತನಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ, ಇದನ್ನು ಏನು ಮಾಡಬೇಕು ಗೊತ್ತಾಗುತ್ತಿಲ್ಲ ಎಂದಳು.

"ನಾನು ಓದ್ತೀನಮ್ಮ" ಎಂದೆ.

"ನೀವಾ ಅಂಕಲ್?"

"ನಾನೇ."

ಅವೆನ್ಯೂ ರಸ್ತೆಯಲ್ಲಿ ಪುಸ್ತಕ ಕೊಂಡೆ. ಸಾವಿರದ ಎಂಟಕ್ಕೆ ಇನ್ನೂರ ಅರವತ್ತೆಂಟು ಉಳಿದಿತ್ತು. ಆರು ಗಂಟೆಗೆ ಎದ್ದು, ಆಳುಗಳು ಬರುವ ಮುಂಚೆ, ಸಸಿ ಶೆಡ್ಡಿನಲ್ಲಿ ಕೂತು ಓದುತ್ತೇನೆ. ನಮ್ಮ ಮನೆಯವರು ಮೊದಮೊದಲು ನಕ್ಕರು. ಸೀಸನ್ನಿನಲ್ಲಿ ಕೆಲವು ವಾರ ತಪ್ಪುತ್ತದೆ, ಜ್ವರ ಬಂದರೆ ತಪ್ಪುತ್ತದೆ. ಲೆಕ್ಕ ಮಾತ್ರ ತಪ್ಪಿಲ್ಲ.

ಇದು ೨೦೧೮. ನನಗೆ ಐವತ್ತೆರಡು ವರ್ಷ. ಎರಡು ಎಕರೆ ಆರು ಗುಂಟೆ ನರ್ಸರಿ ಇದೆ. ಹನ್ನೊಂದು ಜನ ಕೆಲಸಕ್ಕಿದ್ದಾರೆ. ಟೆಕ್ಸಾಸಿನ ಆ ಗಿಡ ನನ್ನಲ್ಲಿ ಒಂದೂ ಇಲ್ಲ. ಬಲಗಡೆಯ ಡಬ್ಬಿಯಲ್ಲಿ ನೂರ ಐವತ್ತೊಂದು ಹುಣಸೆ ಬೀಜ, ಎಡಗಡೆಯದರಲ್ಲಿ ನೂರ ಹದಿನೇಳು.